ಕುಡಿದ ಮರುದಿನದ ಬಾಯಿವಾಸನೆ
ರಾತ್ರಿ ದಾವಣಗೆರೆಯಲ್ಲಿ ಗೆಳೆಯರೊಂದಿಗೆ ಕುಡಿದು, ಬೆಳಗ್ಗೆ ಬೈಕಿನಲ್ಲಿ ಚಿತ್ರದುರ್ಗಕ್ಕೆ ಹೊರಡುವ ಮುನ್ನ ವಾಸನೆ ಹೋಗಲು ಏನು ಅಗಿಯಬೇಕೆಂದು ಕೇಳಿದ್ದೀರಿ. ಏಲಕ್ಕಿ, ಲವಂಗ, ಮಂಡಕ್ಕಿಯ ಜೊತೆಗಿನ ಹಸಿ ಈರುಳ್ಳಿ ಎಲ್ಲವೂ ವಾಸನೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತವೆ, ಅಷ್ಟೇ. ರಕ್ತದಲ್ಲಿರುವ ಮದ್ಯ ಶ್ವಾಸಕೋಶದ ಮೂಲಕ ಉಸಿರಿಗೆ ಬರುತ್ತಲೇ ಇರುತ್ತದೆ. ಅದನ್ನು ಕರಗಿಸುವುದು ಯಕೃತ್ತು, ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಕಾಫಿಯಾಗಲಿ ತಣ್ಣೀರಿನ ಸ್ನಾನವಾಗಲಿ ಅದನ್ನು ಅವಸರಪಡಿಸಲಾರವು. ಹಲ್ಲುಜ್ಜಿ, ನಾಲಿಗೆ ಸ್ವಚ್ಛಮಾಡಿ, ಚೆನ್ನಾಗಿ ನೀರು ಕುಡಿಯಿರಿ. ಕೆಲವು ಮೌತ್‌ವಾಶ್‌ಗಳಲ್ಲಿ ಮದ್ಯಸಾರವೇ ಇರುತ್ತದೆ, ನೋಡಿ ಕೊಳ್ಳಿ.

ಪೊಲೀಸರ ಯಂತ್ರ ಅಳೆಯುವುದು ಮದ್ಯವನ್ನು, ಏಲಕ್ಕಿಗೆ ಅದು ಮರುಳಾಗದು. 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ದಾಟಿದರೆ ಅಪರಾಧ. ಅದಕ್ಕಿಂತ ನನಗೆ ಭಯ ಆ ಹೆದ್ದಾರಿಯ ಲಾರಿಗಳದ್ದು. ದಯವಿಟ್ಟು ಬೈಕನ್ನು ಗೆಳೆಯರ ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗಿ.