ಚಿಕ್ಕ ವಿಮಾನಕ್ಕೆ ತಿರುಗುವ ಗಿಂಬಲ್ ಕ್ಯಾಮೆರಾ ಮನೆಯಲ್ಲೇ ಮಾಡಬಹುದಾ?

ಖಂಡಿತ ಮಾಡಬಹುದು. ನಿಮ್ಮದು ರಿಮೋಟಿನಲ್ಲಿ ಹಾರಿಸುವ ಒಂದೂವರೆ ಕೆಜಿಯ ರೆಕ್ಕೆ ವಿಮಾನ, ಅದರ ಹೊಟ್ಟೆಯಡಿ ಗುಂಡಗಿನ ಗಿಂಬಲ್ (ವಿಮಾನ ವಾಲಿದರೂ ಕ್ಯಾಮೆರಾವನ್ನು ಮೋಟರಿನಿಂದ ಅಲುಗದಂತೆ ಹಿಡಿಯುವ ಚೌಕಟ್ಟು) ಕೂರಿಸಬೇಕು, ಝೂಮ್ ಮಾಡಿದರೂ ಚಿತ್ರ ಅಲುಗಬಾರದು, ಆ ಮೋಟರುಗಳನ್ನು ನಡೆಸಲು ಯಾವ ಕಂಟ್ರೋಲರ್ ಬೋರ್ಡ್ ಒಳ್ಳೆಯದು ಅಂತ ಕೇಳಿದ್ದೀರಿ. ಬೋರ್ಡಿನ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ನೋಡಬೇಕಾದದ್ದು ತೂಕದ ಸಮತೋಲನ ಮತ್ತು ವಯರು. ಇವೆರಡು ಸರಿಯಿಲ್ಲದಿದ್ದರೆ ಎಷ್ಟು ದುಬಾರಿ ಬೋರ್ಡ್ ಹಾಕಿದರೂ ಚಿತ್ರ ಅಲುಗುತ್ತದೆ.

ನನ್ನ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಗುಡ್ಡೆಯ ಬುಡದಲ್ಲಿ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗ ಶುರುವಾಗಿದೆಯಾ ಅಂತ ನೆಲದಲ್ಲಿ ನಿಂತು ನೋಡಿದರೆ ಗೊತ್ತಾಗುವುದಿಲ್ಲ, ನೇರ ಮೇಲಿನಿಂದ ನೋಡಿದರೆ ಸೋಗೆ ಅಡ್ಡ ಬರುತ್ತದೆ, ಗೊನೆ ಕಾಣಬೇಕಾದರೆ ಮರದ ತಲೆಯ ಮಟ್ಟದಲ್ಲಿ ಓರೆಯಾಗಿ ನೋಡಬೇಕು. ಅದಕ್ಕೇ ಈ ಕೆಲಸಕ್ಕೆ ಇಳಿದೆ. ಮೊದಲು ನಾಲ್ಕು ಪ್ರೊಪೆಲ್ಲರಿನ ಡ್ರೋನಿಗೆ ಮಾಡಿದೆ, ಆಮೇಲೆ ವಿಮಾನಕ್ಕೆ.

ಸಮತೋಲನ ಹೀಗೆ ನೋಡಿ. ಕರೆಂಟ್ ಕೊಡದೆ ಕ್ಯಾಮೆರಾವನ್ನು ಸ್ವಲ್ಪ ಕೆಳಗೆ ಬಗ್ಗಿಸಿ ಕೈ ಬಿಡಿ. ಬಿಟ್ಟಲ್ಲೇ ನಿಲ್ಲಬೇಕು. ಮೇಲೆ ತಿರುಗಿಸಿ ಬಿಡಿ, ಅಲ್ಲೂ ನಿಲ್ಲಬೇಕು. ಬೇರಿಂಗ್ ಬಿಗಿಯಿದ್ದರೆ ಸುಮ್ನೆ ನಿಂತಂತೆ ಕಾಣುತ್ತದೆ, ಆಗ ಮೇಜನ್ನು ಬೆರಳಿಂದ ಮೆಲ್ಲಗೆ ತಟ್ಟಿ. ಭಾರ ಇರುವ ಕಡೆಗೆ ಅದು ತಾನಾಗಿ ವಾಲುತ್ತದೆ. ನಾನು ಬೆಸುಗೆ ಹಾಕುವ ತಂತಿಯನ್ನು ಸಣ್ಣ ಸುರುಳಿ ಮಾಡಿ ಎದುರು ಬದಿಗೆ ಅಂಟಿಸುತ್ತೇನೆ, ನಿಲ್ಲುವ ತನಕ ಚೂರು ಚೂರೇ ಕತ್ತರಿಸುತ್ತಾ ಹೋಗುತ್ತೇನೆ. ಝೂಮ್ ಲೆನ್ಸಿನೊಳಗಿನ ಗಾಜು ಹಿಂದೆ ಮುಂದೆ ಸರಿಯುವುದರಿಂದ ತೂಕವೂ ಸರಿಯುತ್ತದೆ. ಪೂರ್ತಿ ಝೂಮ್ ಮಾಡಿಟ್ಟೇ ತೂಗಿಸಿ. ಅಲುಗಾಟ ಜಾಸ್ತಿ ಕಾಣುವುದು ಆಗಲೇ ಅಲ್ವಾ?

ಎಷ್ಟು ಕಾಣುತ್ತದೆ ಅಂತ ಲೆಕ್ಕ ಹಾಕಿ. ಚಿತ್ರದ ಅಗಲ 1920 ಪಿಕ್ಸೆಲ್, ಕ್ಯಾಮೆರಾಕ್ಕೆ ಕಾಣುವ ನೋಟದ ಅಗಲ 60 ಡಿಗ್ರಿ ಇದ್ದರೆ ಒಂದು ಡಿಗ್ರಿಗೆ 32 ಪಿಕ್ಸೆಲ್. 0.1 ಡಿಗ್ರಿ ಅಲುಗಿದರೆ ಮೂರು ಪಿಕ್ಸೆಲ್, ಕಣ್ಣಿಗೆ ಬೀಳುವುದೇ ಇಲ್ಲ. ಹತ್ತು ಪಟ್ಟು ಝೂಮ್ ಮಾಡಿ, ಅಷ್ಟೇ ಅಲುಗಾಟ 32 ಪಿಕ್ಸೆಲ್ ಆಗುತ್ತದೆ. 100 ಮೀಟರ್ ದೂರದಲ್ಲಿ ಅದು ಸುಮಾರು 17 ಸೆಂಟಿಮೀಟರ್. ಹಾಗಾಗಿ ಮೊದಲ ಸಲಕ್ಕೆ ಝೂಮ್ ಇಲ್ಲದ ಕ್ಯಾಮೆರಾ ಹಾಕಿ ಕಲಿಯಿರಿ.

ಇನ್ನು ವಯರು. ಗಿಂಬಲ್ ಚಿಕ್ಕದಾದಷ್ಟೂ ಇದರ ಕಾಟ ಜಾಸ್ತಿ. ಗಟ್ಟಿ ವಯರು ಸ್ಪ್ರಿಂಗಿನ ಹಾಗೆ ಕ್ಯಾಮೆರಾವನ್ನು ಒಂದೇ ಕಡೆಗೆ ಎಳೆಯುತ್ತಿರುತ್ತದೆ, ಮೋಟರ್ ಇಡೀ ಹೊತ್ತು ಅದರ ಜೊತೆ ಗುದ್ದಾಡುತ್ತದೆ. ಸಿಲಿಕೋನ್ ಹೊದಿಕೆಯ ಸಪುರ ವಯರು ತನ್ನಿ, ಟೊಳ್ಳು ಶಾಫ್ಟಿನ ಮೋಟರ್ ಆರಿಸಿ, ವಯರನ್ನು ಅದರ ನಡುವಿನಿಂದ ತೂರಿಸಿ ಒಂದೆರಡು ಸುತ್ತು ಸಡಿಲ ಬಿಡಿ. ಸುತ್ತಲೂ ನಿಲ್ಲದೆ ತಿರುಗಲಿ ಅಂತ ಸ್ಲಿಪ್ ರಿಂಗ್ (ತಿರುಗುತ್ತಿರುವಾಗಲೂ ಕರೆಂಟ್ ದಾಟಿಸುವ ಉಂಗುರ) ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅಗ್ಗದ ಸ್ಲಿಪ್ ರಿಂಗಿನಲ್ಲಿ ಎಚ್‌ಡಿಎಮ್‌ಐ ಸಿಗ್ನಲ್ ಹಾಯಿಸುವುದು ಕಷ್ಟ. ಎಡಕ್ಕೆ 170, ಬಲಕ್ಕೆ 170 ಡಿಗ್ರಿ ತಿರುಗಿದರೆ ಧಾರಾಳ ಸಾಕು.

ಗಿಂಬಲ್ಲಿಗೆಂದೇ ಸಪುರ ತಂತಿ ಜಾಸ್ತಿ ಸುತ್ತಿದ ಬ್ರಷ್‌ಲೆಸ್ ಮೋಟರ್ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ. ಪ್ರೊಪೆಲ್ಲರ್ ತಿರುಗಿಸುವ ಮೋಟರ್ ಇದಕ್ಕೆ ಆಗುವುದಿಲ್ಲ. ಪವರ್ ಬೇಕಾದಷ್ಟೇ ಕೊಡಿ, ಗಿಂಬಲ್ಲಿನ ಮುಚ್ಚಿದ ಚಿಪ್ಪಿನೊಳಗೆ ಗಾಳಿ ಆಡುವುದಿಲ್ಲ, ಮೋಟರ್ ಬಿಸಿಯಾಗುತ್ತದೆ. ನನ್ನ ಮೊದಲ ಗಿಂಬಲ್ಲಿನ ಮೋಟರ್ ಹಿಡಿಕೆ 3ಡಿ ಪ್ರಿಂಟರಿನ ಸಾಮಾನ್ಯ ಪ್ಲಾಸ್ಟಿಕ್ಕಾದ ಪಿಎಲ್‌ಎಯಲ್ಲಿ ಪ್ರಿಂಟ್ ಮಾಡಿದ್ದು. ಏಪ್ರಿಲ್ ಬಿಸಿಲಿಗೆ ಗುಡ್ಡೆಯ ಮುರಕಲ್ಲಿನ ಮೇಲೆ ಅರ್ಧ ಗಂಟೆ ಇಟ್ಟು ಪರೀಕ್ಷೆ ಮಾಡುತ್ತಿದ್ದೆ, ಹಿಡಿಕೆ ಮೆತ್ತಗಾಗಿ ಮೋಟರ್ ಓರೆಯಾಯಿತು. ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಈಗ ಎಲ್ಲವೂ ಇನ್ನಷ್ಟು ಬಿಸಿ ತಾಳುವ ಪಿಇಟಿಜಿ.

ಮೋಟರಿಗೆ ಸರಿಪಡಿಸಲು ಸಾಧ್ಯವಾಗುವುದು ನಿಧಾನದ ಅಲುಗಾಟ ಮಾತ್ರ. ಪ್ರೊಪೆಲ್ಲರ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಸಲ ನಡುಕ, ಅದಕ್ಕೆ ಚಿತ್ರ ಜೆಲ್ಲಿಯ ಹಾಗೆ ಅಲೆಯಾಡುತ್ತದೆ. ಅದನ್ನು ತಡೆಯಬೇಕಾದದ್ದು ವಿಮಾನಕ್ಕೂ ಗಿಂಬಲ್ಲಿಗೂ ನಡುವೆ ಕೂರಿಸುವ ರಬ್ಬರ್ ಗುಂಡುಗಳು. ಮೊದಲು ಪ್ರೊಪೆಲ್ಲರನ್ನೇ ಬ್ಯಾಲೆನ್ಸ್ ಮಾಡಿ. ಆಮೇಲೆ ಗಿಂಬಲ್ಲಿನ ತೂಕಕ್ಕೆ ತಕ್ಕ ಮೆತ್ತನೆಯ ಗುಂಡು ಹಾಕಿ, ಗಟ್ಟಿ ಗುಂಡು ಹಾಕಿದರೆ ನಡುಕ ನೇರ ಒಳಗೆ ಬರುತ್ತದೆ. ಅಲುಗಾಟ ಅಳೆಯುವ ಸೆನ್ಸರ್ ಮಾತ್ರ ಕ್ಯಾಮೆರಾಕ್ಕೇ ಗಟ್ಟಿಯಾಗಿ ಅಂಟಿರಬೇಕು, ಅದರಡಿ ಸ್ಪಂಜು ಇಡಬೇಡಿ.

ವಿಮಾನದ ಗಿಂಬಲ್ಲಿನ ಚಿಪ್ಪಿಗೆ ಗುಂಡು ಆಕಾರವೇ ಸರಿ. ಗಾಳಿ ಯಾವ ಕಡೆಯಿಂದ ಬಡಿದರೂ ಗುಂಡನ್ನು ತಿರುಗಿಸುವ ಬಲ ಕಡಿಮೆ. ಅಕ್ರಿಲಿಕ್ ಗುಮ್ಮಟದ ಮೂಲಕ ನೋಡಿದರೆ ಚಿತ್ರ ಓರೆಕೋರೆ ಬರುತ್ತದೆ, ಹಾಗಾಗಿ ಚಪ್ಪಟೆ ಗಾಜು ಹಾಕಿ. ಹಳೆಯ ಕ್ಯಾಮೆರಾದ ಯುವಿ ಫಿಲ್ಟರಿನ ಗಾಜು ಚೆನ್ನಾಗಿ ಹೊಂದುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಒಳಗಡೆ ಮಂಜು ಹಿಡಿಯುತ್ತದೆ, ಸಿಲಿಕಾ ಜೆಲ್ ಪೊಟ್ಟಣ ಮರೆಯಬೇಡಿ.  

ಈಗ ಬೋರ್ಡು. ಕಲಿಯಲು ಸ್ಟಾರ್ಮ್32 ಸಾಕು. ಝೂಮ್ ಬೇಕು ಅಂತಾದಾಗ ಎನ್‌ಕೋಡರ್ ಜೋಡಿಸಲು ಬರುವ ಸಿಂಪಲ್‌ಬಿಜಿಸಿ ಬೋರ್ಡ್ ತೆಗೆದುಕೊಳ್ಳಿ. ಎನ್‌ಕೋಡರ್ ಇದ್ದರೆ ಮೋಟರ್ ಎಷ್ಟು ತಿರುಗಿದೆ ಅಂತ ಬೋರ್ಡಿಗೆ ನೇರ ಗೊತ್ತಾಗುತ್ತದೆ, ಬಿಸಿಯೂ ಕಡಿಮೆ.

2021ರ ಡ್ರೋನ್ ನಿಯಮದಲ್ಲಿ 250 ಗ್ರಾಮಿನಿಂದ 2 ಕೆಜಿ ತನಕ ಮೈಕ್ರೋ ವರ್ಗ, ಗಿಂಬಲ್ ಸೇರಿ ಅದರೊಳಗೇ ಇರಲಿ. ಹಾರಿಸುವ ಮೊದಲು, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯದಲ್ಲಿದೆಯಾ ನೋಡಿ. ಅದಕ್ಕೂ ಮೊದಲು ಗಿಂಬಲ್ಲನ್ನು ಕೈಯಲ್ಲಿ ಹಿಡಿದು ಮನೆಯ ಮೆಟ್ಟಿಲು ಹತ್ತಿ ಇಳಿಯಿರಿ, ವಿಡಿಯೋ ನೋಡಿ. ಮೆಟ್ಟಿಲಲ್ಲಿ ನಿಲ್ಲದ ಚಿತ್ರ ಆಕಾಶದಲ್ಲೂ ನಿಲ್ಲುವುದಿಲ್ಲ. ಕ್ಯಾಮೆರಾದ ತೂಕ ಮತ್ತು ಅಳತೆ ತಿಳಿಸಿದರೆ ಯಾವ ಮೋಟರ್ ಹೊಂದುತ್ತದೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ.