ಎಪ್ಪತ್ತೆರಡರಲ್ಲಿ ಎಷ್ಟು ಉಳಿದಾವು?

ಅರಸೀಕೆರೆ ಕಡೆಯಿಂದ ಪತ್ರ ಬರೆದ ಮೇಷ್ಟ್ರಿಗೆ ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ.

14 ವರ್ಷದಲ್ಲಿ ಬರೆದ 72 ಕವಿತೆಗಳನ್ನು ಮೊದಲ ಸಂಕಲನವಾಗಿ ತರುವ ಆಸೆ ನಿಮ್ಮದು. ಪ್ರಕಾಶಕರೊಬ್ಬರು 40 ಸಾವಿರ ಕೇಳಿದ್ದಾರೆ, 200 ಪ್ರತಿ ಕೊಡುತ್ತಾರಂತೆ. ಹಣ ಕೊಡಬಹುದಾ, ಮುನ್ನುಡಿಗೆ ಯಾರನ್ನು ಕೇಳಲಿ ಎಂದು ಕೇಳಿದ್ದೀರಿ. ಜೊತೆಗೆ ಹನ್ನೊಂದು ಕವಿತೆ ಕಳಿಸಿದ್ದೀರಿ. ನನಗೆ ಆ ಹನ್ನೊಂದರ ಬಗ್ಗೆಯೇ ಮಾತಾಡಬೇಕು ಅನ್ನಿಸುತ್ತಿದೆ. ಆದರೂ ಮೊದಲು ದುಡ್ಡಿನ ವಿಷಯ ಮುಗಿಸೋಣ.

ಕೈಯಿಂದ ಹಣ ಹಾಕಿ ಪುಸ್ತಕ ತರುವುದರಲ್ಲಿ ನಾಚಿಕೆ ಏನಿಲ್ಲ. ಕವಿತೆಯ ಪುಸ್ತಕ ಅಂಗಡಿಯಲ್ಲಿ ನಿಧಾನಕ್ಕೆ ಖರ್ಚಾಗುತ್ತದೆ, ಪ್ರಕಾಶಕರಿಗೂ ಹೊಟ್ಟೆ ಇದೆಯಲ್ಲ. ಆದರೆ ಲೆಕ್ಕ ಕೇಳಿ. ಒಟ್ಟು ಎಷ್ಟು ಪ್ರತಿ ಅಚ್ಚಾಗುತ್ತವೆ? ನಿಮ್ಮ 200 ಬಿಟ್ಟು ಉಳಿದವು ಎಲ್ಲಿಗೆ ಹೋಗುತ್ತವೆ? ಹಕ್ಕು ಯಾರದು? ಅಚ್ಚಾಗುವುದೇ 200 ಎಂದಾದರೆ ಅವರು ಮಾಡುತ್ತಿರುವುದು ಬರೀ ಮುದ್ರಣ. ಆಗ ನೀವೇ ಪ್ರೆಸ್ಸಿಗೆ ಹೋಗಿ ದರ ವಿಚಾರಿಸಬಹುದು. ಡೆಮಿ 1/8 ಅಳತೆ, 96 ಪುಟ, ಅಂದರೆ ಹದಿನಾರು ಪುಟದ ಆರು ಫಾರಂ ಎಂದರೆ ಸಾಕು, ಅವರಿಗೆ ತಿಳಿಯುತ್ತದೆ. ಐಎಸ್‌ಬಿಎನ್‌ಗೆ ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಪುಕ್ಕಟೆ ಕೊಡುತ್ತದೆ, ಲೇಖಕರೇ ಪ್ರಕಾಶಕರಾದರೂ ಸರಿ.

ಇನ್ನೊಂದು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ನಿಮ್ಮ ವಯಸ್ಸು ಬರೆದಿಲ್ಲ. ಅದಕ್ಕೊಂದು ಮಿತಿ ಇದೆ, ಪ್ರಕಟಣೆ ಬಂದಾಗ ನೋಡಿ. ಅವರು ಕೇಳುವುದು ಹಸ್ತಪ್ರತಿಯನ್ನು. ಅದಕ್ಕೇ ಅಚ್ಚಿಗೆ ಅವಸರ ಮಾಡಬೇಡಿ.

ಇನ್ನು ಕವಿತೆಗಳು. ಹನ್ನೊಂದರಲ್ಲಿ ಆರು ಅಮ್ಮನ ಮೇಲೆ. ಅದರಲ್ಲೊಂದು, ತೆಂಗಿನ ಗರಿ ಸೀಳಿ ಪೊರಕೆ ಕಟ್ಟುವ ಕವಿತೆ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅದರಲ್ಲಿ 'ತಾಯಿ' ಎಂಬ ಪದವೂ ಇಲ್ಲ, 'ತ್ಯಾಗ'ವೂ ಇಲ್ಲ. ಅಮ್ಮನ ಮೇಲಿನ ಉಳಿದ ಐದರಲ್ಲಿ ಎರಡೂ ಇವೆ. ಆ ಐದನ್ನು ತೆಗೆಯಿರಿ. ಹೆಡ್‌ಮಾಸ್ಟರ ಬೀಳ್ಕೊಡುಗೆಯಲ್ಲಿ ಓದಿದ ಪದ್ಯವೂ ಬೇಡ. ಅವತ್ತು ಚಪ್ಪಾಳೆ ಬಿತ್ತಲ್ವಾ, ಅಲ್ಲಿಗೆ ಆಯಿತು. ಹೀಗೆ ಮನೆಯಲ್ಲಿರುವ ಅರವತ್ತೊಂದನ್ನೂ ಜೋರಾಗಿ ಓದುತ್ತಾ ಹೋಗಿ. ನಿಮಗೇ ಬೇಜಾರಾದ ಕಡೆ ಗುರುತು ಹಾಕಿ. ನನ್ನ ಅಂದಾಜಿನಲ್ಲಿ ನಲವತ್ತು ಉಳಿದರೆ ಜಾಸ್ತಿ. ಅವನ್ನು ಬರೆದ ತಾರೀಖಿನ ಪ್ರಕಾರ ಜೋಡಿಸಬೇಡಿ. ಪೊರಕೆಯ ಕವಿತೆ ಮೊದಲ ಪುಟಕ್ಕೆ ಬರಲಿ.

ಮುನ್ನುಡಿಗೆ ಹೆಸರಾಂತ ಕವಿಯೊಬ್ಬರು 'ಹಸ್ತಪ್ರತಿ ಬೇಡ, ಶೀರ್ಷಿಕೆ ಹೇಳಿ ಸಾಕು' ಎಂದರಂತೆ. ಅವರಿಗೆ ಕೈ ಮುಗಿದುಬಿಡಿ. 1946ರಲ್ಲಿ ಗೋಪಾಲಕೃಷ್ಣ ಅಡಿಗರ ಮೊದಲ ಸಂಕಲನ 'ಭಾವತರಂಗ' ಬಂದಾಗ ಮುನ್ನುಡಿ ಬರೆದವರು ಬೇಂದ್ರೆ. ಅದಕ್ಕಿಂತ ದೊಡ್ಡ ಮುನ್ನುಡಿ ಯಾರಿಗೆ ಸಿಕ್ಕೀತು? ಆದರೂ ಅಡಿಗರು ಆ ದಾರಿ ಬಿಟ್ಟರು, 1954ರ 'ಚಂಡೆ ಮದ್ದಳೆ'ಯಲ್ಲಿ ಬೇರೆಯದೇ ದನಿ ಹಿಡಿದರು. ನಾವು ಹೆಚ್ಚಾಗಿ ನೆನೆಯುವುದು ಆ ದನಿಯನ್ನೇ. ನಿಮಗೆ ಈಗ ಬೇಕಾಗಿರುವುದು ಪೆನ್ಸಿಲ್ ಹಿಡಿದು ಓದಿ, 'ಇದು ಬೇಡ' ಎಂದು ಮುಖಕ್ಕೇ ಹೇಳುವ ಒಬ್ಬರು. ಅವರೇ ನಾಲ್ಕು ಸಾಲು ಬೆನ್ನುಡಿ ಬರೆದರೂ ಸಾಕು.

ಕೊನೆಯ ಕರಡನ್ನು ಮಾತ್ರ ನೀವೇ ನೋಡಿ, ಕಾಗದದ ಮೇಲೆ, ಎರಡು ಸಲ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡಿಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ದಿಕ್ಕು ತಪ್ಪುವುದುಂಟು. ಡೆಮಿ ಪುಟದ ಅಗಲ ಕಡಿಮೆ. ನಿಮ್ಮ ಉದ್ದ ಸಾಲುಗಳು ಮುರಿದು ಕೆಳಗೆ ಬಿದ್ದರೆ ಓದುವವರು ಅದನ್ನು ಹೊಸ ಸಾಲು ಎಂದುಕೊಳ್ಳುತ್ತಾರೆ. ಮುರಿದ ತುಂಡನ್ನು ಒಳಗೆ ಸರಿಸಿ ಕೂರಿಸಲು ಪುಟ ಜೋಡಿಸುವ ಡಿಟಿಪಿಯವರಿಗೆ ಹೇಳಿ. ನನ್ನ ಮೊದಲ ಪುಸ್ತಕಕ್ಕೆ ನಾನು ಕೊನೆಯ ಕರಡು ನೋಡಲಿಲ್ಲ. 'ಹಾಲು ಬೆಳದಿಂಗಳು' ಎಂದು ಬರೆದದ್ದು 'ಹಾಳು ಬೆಳದಿಂಗಳು' ಆಗಿ ಅಚ್ಚಾಯಿತು. ವಿಮರ್ಶಕರೊಬ್ಬರು ಆ ಸಾಲನ್ನೇ ಎತ್ತಿ ಹೊಗಳಿದರು. ಇವತ್ತಿನವರೆಗೂ ನಾನು ಬಾಯಿ ಬಿಟ್ಟಿರಲಿಲ್ಲ. ಆ ಪುಸ್ತಕದ ಎರಡು ಕಟ್ಟು ಈಗಲೂ ನಮ್ಮ ಮನೆ ಮಂಚದ ಕೆಳಗಿವೆ. ನಿಮ್ಮ 200 ಪ್ರತಿ ಎಲ್ಲಿಡುತ್ತೀರಿ ಎಂದು ಮನೆಯವರನ್ನೂ ಒಂದು ಮಾತು ಕೇಳಿಬಿಡಿ.

ಪೊರಕೆಯ ಕವಿತೆಯನ್ನು ಮುಂದಿನ ಸಂಚಿಕೆಯಲ್ಲಿ ಹಾಕುವ ಆಸೆ ಇದೆ. ಕೊನೆಯ ಎರಡು ಸಾಲು ಬಿಟ್ಟು. ಅಲ್ಲಿ ನೀವು ಕವಿತೆ ನಿಲ್ಲಿಸಿ ಪಾಠ ಶುರು ಮಾಡಿದ್ದೀರಿ, ಮೇಷ್ಟ್ರೇ. ಒಪ್ಪಿಗೆ ಇಲ್ಲದಿದ್ದರೆ ಹದಿನೈದನೇ ತಾರೀಖಿನೊಳಗೆ ಒಂದು ಕಾರ್ಡ್ ಹಾಕಿ, ಜಗಳ ಆಡೋಣ.