ಕಂಡದ್ದನ್ನು ಬರೆಯಲು ಬಿಡಿ

ಪತ್ರ: “ನರಕೋಶದ ಸೂಕ್ಷ್ಮನಾಳಗಳು ನರತುದಿಯ ಒಳಗೂ ಇರುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವು ತುದಿಗಿಂತ ಮೊದಲೇ ನಿಂತುಬಿಡುತ್ತವೆ ಎಂದು ನಾನು ಓದಿದ್ದು, ಮಕ್ಕಳಿಗೆ ಕಲಿಸಿದ್ದು. ಪುಸ್ತಕಕ್ಕಿಂತ ನಿಮ್ಮ ಲೇಖಕರು ದೊಡ್ಡವರೇ?” – ನಿವೃತ್ತ ವಿಜ್ಞಾನ ಶಿಕ್ಷಕರು, ಉಡುಪಿ

ಮಾಷ್ಟ್ರೇ, ನಮಸ್ಕಾರ. ನಿಮ್ಮ ಪುಸ್ತಕ ಸುಳ್ಳು ಹೇಳಿಲ್ಲ; ಆಗಿನ ಚಿತ್ರಗಳಲ್ಲಿ ಕಂಡದ್ದನ್ನೇ ಹೇಳಿದೆ. ಆದರೆ ಮಾದರಿಯನ್ನು ಸಿದ್ಧಪಡಿಸುವ ಹಂತದಲ್ಲೇ ಆ ನಾಳಗಳು ಹಾಳಾಗುತ್ತಿದ್ದವು.

ಟ್ಯೂಬುಲಿನ್ ಎಂಬ ಪ್ರೋಟೀನಿನ ಎಳೆಗಳು, ಸಾಮಾನ್ಯವಾಗಿ 13, ಒತ್ತಾಗಿ ಸೇರಿ ಆದ ಕೊಳವೆಯೇ ಸೂಕ್ಷ್ಮನಾಳ. ಅಡ್ಡಳತೆ ಸುಮಾರು 25 ನ್ಯಾನೊಮೀಟರ್. ಅದರ ತುದಿ ಬೆಳೆಯುತ್ತ ಬೆಳೆಯುತ್ತ ಏಕಾಏಕಿ ಕಳಚಿ ಕುಗ್ಗುತ್ತದೆ, ಮತ್ತೆ ಬೆಳೆಯುತ್ತದೆ ಎಂದು 1984ರಲ್ಲಿ ವಿಜ್ಞಾನಿಗಳಾದ ಮಿಚಿಸನ್ ಮತ್ತು ಕಿರ್ಷ್ನರ್ ತೋರಿಸಿಕೊಟ್ಟರು. ತಣ್ಣಗಾದರೆ ನಮ್ಮ ದೇಹದ ಎಷ್ಟೋ ಸೂಕ್ಷ್ಮನಾಳಗಳು ಬಿಚ್ಚಿಹೋಗುತ್ತವೆ. ಅಂಟಾರ್ಕ್ಟಿಕದ ಮೀನುಗಳ ನಾಳಗಳು ಮಾತ್ರ ಆ ಕೊರೆಯುವ ನೀರಿನಲ್ಲೂ ಗಟ್ಟಿ. ಹಿಂದೆಲ್ಲ ಅಂಗಾಂಶವನ್ನು ಇದ್ದಂತೆಯೇ ಹಿಡಿದಿಡಲು ತಣ್ಣನೆಯ ಆಸ್ಮಿಯಂ ದ್ರಾವಣದಲ್ಲಿ ಅದ್ದುತ್ತಿದ್ದರು, ಉಳಿಯುವುದಾದರೂ ಹೇಗೆ? 1963ರಲ್ಲಿ ಅದೇ ಕೆಲಸಕ್ಕೆ ಗ್ಲೂಟರಾಲ್ಡಿಹೈಡ್ ಎಂಬ ಇನ್ನೊಂದು ರಾಸಾಯನಿಕ ಬಳಕೆಗೆ ಬಂದ ಮೇಲೆ ಬಗೆಬಗೆಯ ಜೀವಕೋಶಗಳಲ್ಲಿ ನಾಳಗಳು ಕಂಡವು. ನರತುದಿ ಮಾತ್ರ ಬರಿದಾಗಿಯೇ ತೋರುತ್ತಿತ್ತು. ಲಂಡನ್ನಿನ ವಿಜ್ಞಾನಿ ಗ್ರೇ ಅದನ್ನು ನಂಬಿ ಕೂರಲಿಲ್ಲ. ಸಿದ್ಧತೆಯ ಕ್ರಮವನ್ನೇ ಬದಲಿಸಿ ನೋಡಿದರು. 1975ರಲ್ಲಿ ಅವರು ಪ್ರಕಟಿಸಿದ ಚಿತ್ರಗಳಲ್ಲಿ ನಾಳಗಳು ನರತುದಿಯ ಒಳಗೇ ಇವೆ, ಸಂದೇಶ ರಾಸಾಯನಿಕ ತುಂಬಿಕೊಂಡ ಪುಟ್ಟ ಚೀಲಗಳು ಅವಕ್ಕೆ ಅಂಟಿಕೊಂಡಂತಿವೆ! ಹಣ್ಣುನೊಣದ ಸ್ನಾಯುವಿಗೆ ತಾಗುವ ನರತುದಿಗಳಲ್ಲಿ ಅವು ಕುಣಿಕೆಯಾಗಿ ಸುತ್ತಿರುವುದೂ ಉಂಟು. ಫುಟ್ಶ್ ಎಂಬ ಪ್ರೋಟೀನು ಕೆಟ್ಟರೆ ಆ ಕುಣಿಕೆಗಳು ಕಾಣೆಯಾಗುತ್ತವೆ, ನರತುದಿಯ ಗುಬುಟುಗಳು ಸಂಖ್ಯೆಯಲ್ಲಿ ಇಳಿದು ಗಾತ್ರದಲ್ಲಿ ಊದುತ್ತವೆ.

ಮಕ್ಕಳಿಗೆ ಹೇಳಬೇಕಾದ ಕಥೆ ಇದು, ಮಾಷ್ಟ್ರೇ. ನಾವು ಹೇಳುವುದೇನು? ಮಂಗಳೂರಿನ ಕಾಲೇಜೊಂದರಲ್ಲಿ ಓದುವ ನಮ್ಮ ಸಂಬಂಧಿಕರ ಹುಡುಗಿ ಈರುಳ್ಳಿ ಬೇರಿನ ತುದಿಯ ಸ್ಲೈಡ್ ನೋಡಿ, ಕಂಡ ವರ್ಣತಂತುಗಳನ್ನಷ್ಟೇ ರೆಕಾರ್ಡ್ ಪುಸ್ತಕದಲ್ಲಿ ಬರೆದಳು. “ಕದಿರೆಳೆ ಎಲ್ಲಿ?” ಎಂದು ಅಧ್ಯಾಪಕರು ಕೆಂಪು ಶಾಯಿಯಲ್ಲಿ ಗೀಚಿ ವಾಪಸು ಕೊಟ್ಟರು. ಆ ಸ್ಲೈಡಿಗೆ ಹಾಕುವ ಅಸಿಟೊಕಾರ್ಮಿನ್ ಬಣ್ಣ ಹಿಡಿಯುವುದು ವರ್ಣತಂತುಗಳಿಗೆ. ಕದಿರೆಳೆಗಳೆಂದರೆ ಕೋಶ ಒಡೆಯುವಾಗ ವರ್ಣತಂತುಗಳನ್ನು ಬೇರೆಬೇರೆ ಕಡೆಗೆ ಎಳೆಯುವ ಇವೇ ಸೂಕ್ಷ್ಮನಾಳಗಳು. ಆ ಸ್ಲೈಡಿನಲ್ಲಿ ಅವು ಕಾಣುವುದಿಲ್ಲ. ಹುಡುಗಿ ಪುಸ್ತಕ ನೋಡಿ ಎಳೆಗಳನ್ನು ಎಳೆದಳು, ಪೂರ್ತಿ ಅಂಕ ಬಂತು. ಇದೆ ಎಂದು ಗೊತ್ತಿದ್ದೂ ಏಕೆ ಕಾಣುತ್ತಿಲ್ಲ ಎಂದು ಅವಳು ಕೇಳಬಹುದಿತ್ತು. ಗ್ರೇ ಕೇಳಿದ ಪ್ರಶ್ನೆಗೆ ಅದು ಎಷ್ಟು ಹತ್ತಿರ! ಆ ಬಾಯಿಯನ್ನೇ ಮುಚ್ಚಿಸಿದೆವು. ಕಾಲೇಜುಗಳಿಗೆ ಹೊಸ ಕಟ್ಟಡ ಬರುತ್ತದೆ, ಸೂಕ್ಷ್ಮದರ್ಶಕ ಬರುತ್ತದೆ, ಅದರ ಮುಂದೆ ಕೂತವರು ಮಾತ್ರ ಪಕ್ಕದ ಪುಸ್ತಕ ನೋಡಿ ಚಿತ್ರ ಬರೆಯುತ್ತಾರೆ.

ಇಷ್ಟು ವಯಸ್ಸಾದರೂ ಒಂದು ವಾಕ್ಯವನ್ನು ಹಿಡಿದು ಜಗಳಕ್ಕೆ ಬಂದಿರಲ್ಲ, ಅದು ನನಗೆ ಬಹಳ ಸಂತೋಷ. ನಿಮ್ಮ ಶಿಷ್ಯರಲ್ಲಿ ಪ್ರಾಕ್ಟಿಕಲ್ ಪರೀಕ್ಷಕರಾದವರು ಬಹಳ ಮಂದಿ ಇರಬೇಕು. ಕಾಣದ ಎಳೆ ಬರೆಯದ ಮಕ್ಕಳ ಅಂಕ ಕತ್ತರಿಸಬೇಡಿ ಎಂದು ಅವರಿಗೆ ನೀವೇ ಹೇಳಿ. ನಮ್ಮ ಮಾತಿಗಿಂತ ನಿಮ್ಮ ಮಾತನ್ನು ಅವರು ಕೇಳಿಯಾರು.
– ಸಂಪಾದಕ